ಸಂಕದ ನ್ಯಾಯ

ನಮ್ಮ ಕಡೆಯ ಹಳ್ಳಗಳಿಗೆ ಹಿಂದೆ ಸೇತುವೆ ಎಂಬುದು ಅಪರೂಪ. ಇದ್ದದ್ದು ಸಂಕ. ಎರಡು ಅಡಿಕೆ ಮರಗಳನ್ನೋ ಒಂದು ತೆಂಗಿನ ಮರವನ್ನೋ ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಕೆಲಸ ಮುಗಿಯಿತು. ಆಷಾಢದಲ್ಲಿ ಕೆಳಗೆ ಕೆಂಪು ನೀರು ಭೋರೆಂದು ಹರಿಯುತ್ತಿರುವಾಗ ಅದರ ಮೇಲೆ ಒಮ್ಮೆಗೆ ಒಬ್ಬರೇ ದಾಟಬೇಕು. ಆಚೆಯಿಂದೊಬ್ಬರು ಈಚೆಯಿಂದೊಬ್ಬರು ಬಂದರೆ ಯಾರು ಕಾಯಬೇಕು ಎಂಬುದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ತಲೆಯ ಮೇಲೆ ಸೊಪ್ಪಿನ ಹೊರೆ ಇದ್ದವರು ಮೊದಲು. ಕಂಕುಳಲ್ಲಿ ಕೂಸಿದ್ದವರು ಮೊದಲು. ಮುದುಕರು ಮೊದಲು. ಕೈಬೀಸಿಕೊಂಡು ಬಂದವರು ದಡದಲ್ಲಿ ನಿಲ್ಲಬೇಕು. ಗದ್ದೆಯಂಚಿನ ಮೇಲೆ ಎದುರಾದರೂ ಹೀಗೇ. ಬರಿಗೈಯವರೇ ಒಂದು ಕಾಲು ಕೆಸರಿಗಿಳಿಸಬೇಕು. ಇಳಿಯದಿದ್ದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು, 'ಎಂಥಾ ಹೆಣ್ಣೋ ಅದು, ಹೊರೆ ಹೊತ್ತವಳನ್ನೇ ಇಳಿಸಿತಂತೆ' ಎಂದು.

ಈಗ ನಮ್ಮ ಬೆಳಕೆಯ ನಡುವೆ ಹಾದುಹೋಗಿರುವ ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ನಿಂತಾಗಲೆಲ್ಲ ಆ ಸಂಕದ ನ್ಯಾಯ ಎಲ್ಲಿಗೆ ಹೋಯಿತು ಎಂದು ಯೋಚಿಸುತ್ತೇನೆ. ನಮ್ಮ ಕರಾವಳಿಯ ನೆಲವನ್ನು ನೀವು ನೋಡಿದ್ದರೆ ಗೊತ್ತಿರುತ್ತದೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಗುಡ್ಡ, ನಡುವೆ ಸೆರಗಿನಂಚಿನಷ್ಟು ಜಾಗ. ಆ ಜಾಗದಲ್ಲೇ ಮನೆ, ಗದ್ದೆ, ತೋಟ, ಶಾಲೆ, ದೇವಸ್ಥಾನ, ಮಸೀದಿ, 1998ರಲ್ಲಿ ಪೂರ್ತಿಯಾದ ಕೊಂಕಣ ರೈಲು, ಮತ್ತೆ ಈ ರಸ್ತೆ. ಹಿರಿಯರ ಬಾಯಲ್ಲಿ ಅದು ಇವತ್ತಿಗೂ 'ಹದಿನೇಳು'. ಕಾಗದದಲ್ಲಿ ಈಗ ರಾಷ್ಟ್ರೀಯ ಹೆದ್ದಾರಿ 66. 2010ರ ದಶಕದಲ್ಲಿ ಅದು ಎರಡು ಸಾಲಿನಿಂದ ನಾಲ್ಕು ಸಾಲಾಗತೊಡಗಿತು. ಭಟ್ಕಳ, ಹೊನ್ನಾವರ, ಕುಮಟಾ ಮೂರು ತಾಲೂಕಿನವರಿಗೂ ಈ ಒಂದೇ ರಸ್ತೆ ಅಂಗಳ, ಇದೇ ಹೆಬ್ಬಾಗಿಲು.

ರಸ್ತೆ ಅಗಲವಾದಾಗ ಆದದ್ದೇನೆಂದರೆ, ಊರು ಎರಡಾಯಿತು. ಭಟ್ಕಳಕ್ಕೆ ಹೋಗುವ ಬಸ್ಸು ಒಂದು ಬದಿಯಲ್ಲಿ ನಿಲ್ಲುತ್ತದೆ, ಬರುವ ಬಸ್ಸು ಇನ್ನೊಂದು ಬದಿಯಲ್ಲಿ. ಆದ್ದರಿಂದ ಮನೆ ಯಾವ ಬದಿಗಿದ್ದರೂ ಪೇಟೆಗೆ ಹೋಗಿಬರುವ ಪ್ರತಿಯೊಬ್ಬಳೂ ದಿನಕ್ಕೊಮ್ಮೆಯಾದರೂ ಈ ರಸ್ತೆ ದಾಟಲೇಬೇಕು. ಇದನ್ನು ತಪ್ಪಿಸುವ ಉಪಾಯವೇ ಇಲ್ಲ. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿಗೆ ಹಣ ಕೊಡಬೇಕಾಗಿಲ್ಲ, ಒಳ್ಳೆಯದೇ ಆಯಿತು. ಆದರೆ ಬಸ್ಸು ಹತ್ತುವ ಮುಂಚೆ ಮತ್ತು ಇಳಿದ ಮೇಲೆ ನಾವು ನಡೆಯುವವರು ತಾನೇ?

ನಮ್ಮ ಕಡೆಯ ಮಲ್ಲಿಗೆಯ ಹೆಸರನ್ನು ನೀವು ಕೇಳಿರಬಹುದು. ಮೊಗ್ಗು ಬೆಳಗಿನ ಜಾವ ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಅರಳುವ ಮುಂಚೆ ಪೇಟೆ ಮುಟ್ಟಿಸಬೇಕು. ನಮ್ಮ ಓಣಿಯ ಒಬ್ಬಾಕೆ ದಿನವೂ ಬುಟ್ಟಿ ಹಿಡಿದು ರಸ್ತೆಯಂಚಿಗೆ ಬಂದು ನಿಲ್ಲುತ್ತಾಳೆ. ಅರವತ್ತು ದಾಟಿದ ಹೆಂಗಸು, ಮೊಣಕಾಲು ನೋವು ಬೇರೆ. ಎಡಕ್ಕೆ ನೋಡುತ್ತಾಳೆ, ಬಲಕ್ಕೆ ನೋಡುತ್ತಾಳೆ, ಒಂದು ಹೆಜ್ಜೆ ಇಡುತ್ತಾಳೆ, ಹಿಂದಕ್ಕೆ ಬರುತ್ತಾಳೆ. ಮೀನಿನ ಬುಟ್ಟಿ ಹೊತ್ತವರದ್ದೂ ಅದೇ ಕತೆ. ತಲೆಯ ಮೇಲೆ ಭಾರವಿದ್ದರೆ ಕತ್ತು ತಿರುಗಿಸಿ ನೋಡುವುದೂ ಕಷ್ಟ. ಕಾರಿನಲ್ಲಿ ಕೂತವರನ್ನು ಕಾರು ಹೊತ್ತಿದೆ, ಇವಳಾದರೋ ತಾನೇ ಹೊತ್ತಿದ್ದಾಳೆ. ಸಂಕದ ಲೆಕ್ಕದಲ್ಲಿ ಯಾರು ನಿಲ್ಲಬೇಕಾಗಿತ್ತು?

ದಾರಿ ಯಾರಿಗೆ ಬಿಡಬೇಕೆಂಬುದು ಹಳೆಯ ಪ್ರಶ್ನೆ. ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನ ಕತೆ ಬರುತ್ತದಲ್ಲ, ಮೈ ಎಂಟು ಕಡೆ ಸೊಟ್ಟಗಾದ ಆ ಹುಡುಗ ಜನಕನ ಯಜ್ಞಕ್ಕೆಂದು ಹೊರಟಾಗ ದಾರಿಯಲ್ಲಿ ರಾಜನೇ ಎದುರಾಗುತ್ತಾನೆ. ಅವನನ್ನು ಬದಿಗೆ ಸರಿಸಲು ನೋಡುತ್ತಾರೆ. ಹುಡುಗ ಸರಿಯುವುದಿಲ್ಲ. ಕುರುಡರಿಗೆ, ಕಿವುಡರಿಗೆ, ಹೆಂಗಸರಿಗೆ, ಹೊರೆ ಹೊತ್ತವರಿಗೆ ದಾರಿ ಸಲ್ಲುತ್ತದೆ ಎಂದು ರಾಜನಿಗೇ ಹೇಳುತ್ತಾನೆ. ರಾಜ ದಾರಿ ಬಿಡುತ್ತಾನೆ. ಆಪಸ್ತಂಬ ಧರ್ಮಸೂತ್ರದಲ್ಲಿಯೂ ಹೊರೆಯವರು, ರೋಗಿಗಳು, ಹೆಂಗಸರು ಇವರಿಗೆ ಎಲ್ಲರೂ ದಾರಿ ಕೊಡಬೇಕೆಂದಿದೆ.

ಇದನ್ನು ಓದಿ ಹಿಗ್ಗಿ, 'ನೋಡಿ, ನಮ್ಮ ಹಿರಿಯರು ಎಲ್ಲ ಹೇಳಿಟ್ಟಿದ್ದಾರೆ' ಎಂದು ಭಾಷಣ ಮಾಡುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಯಾಕೆಂದರೆ ಆ ಪಟ್ಟಿಗಳಲ್ಲೇ ರಾಜನೂ ಇದ್ದಾನೆ, ಎಲ್ಲರಿಗಿಂತ ಮೇಲೆ ಬ್ರಾಹ್ಮಣನೂ ಇದ್ದಾನೆ. ಅಷ್ಟಾವಕ್ರನೂ ಕೊನೆಗೆ ಅದನ್ನೇ ಮುಂದಿಡುತ್ತಾನೆ. ಮನುಸ್ಮೃತಿಯ ಪಟ್ಟಿ ಶುರುವಾಗುವುದೇ ಗಾಡಿಯಲ್ಲಿ ಬಂದವನಿಂದ. ಇನ್ನು ಆ ಪಟ್ಟಿಯಲ್ಲೇ ಇಲ್ಲದ ಜನರು ದಾರಿಯಿಂದ ಎಷ್ಟು ದೂರ ಇಳಿದು ನಿಲ್ಲಬೇಕಿತ್ತು ಎಂಬುದು ನಮಗೆಲ್ಲ ಗೊತ್ತು. ಇದೇ ಕಡಲತೀರದಲ್ಲಿ ದಕ್ಷಿಣಕ್ಕೆ ಹೋದರೆ ಕೇರಳದ ವೈಕಂ ಸಿಗುತ್ತದೆ. ಅಲ್ಲಿಯ ಮಹಾದೇವ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಎಲ್ಲ ಜಾತಿಯವರೂ ನಡೆಯಬಹುದು ಎಂಬಷ್ಟನ್ನು ಕೇಳುವುದಕ್ಕೆ 1924ರ ಮಾರ್ಚ್‌ನಿಂದ 1925ರ ನವೆಂಬರ್ ತನಕ, 20 ತಿಂಗಳು ಸತ್ಯಾಗ್ರಹ ನಡೆಯಬೇಕಾಯಿತು. ದೇವಸ್ಥಾನದೊಳಗೆ ಹೋಗುವುದಕ್ಕಲ್ಲ, ಬರೇ ನಡೆಯುವುದಕ್ಕೆ. ನಮ್ಮ ಗದ್ದೆಯಂಚುಗಳ ಮೇಲೂ ಹೊರೆ ಹೊತ್ತೇ ಕೆಸರಿಗಿಳಿದವರು ಇದ್ದರು. ಅವರ ಮೊಮ್ಮಕ್ಕಳು ಅದನ್ನು ಮರೆತಿಲ್ಲ.

ಹಾಗಾದರೆ ಆ ಹಳೆಯ ಮಾತಿನಲ್ಲಿ ಉಳಿಸಿಕೊಳ್ಳುವುದಕ್ಕೆ ಏನಾದರೂ ಇದೆಯೆ? ಇದೆ ಎಂದು ನನ್ನ ನಂಬಿಕೆ. ರಾಜ, ಬ್ರಾಹ್ಮಣ ಇವರನ್ನು ತೆಗೆದುಬಿಡಿ. ಅವರಿಗೆ ದಾರಿ ಸಿಗುತ್ತಿದ್ದದ್ದು ಅವರು ದೊಡ್ಡವರೆಂದು. ಉಳಿದವರಿಗೆ ಸಿಗುತ್ತಿದ್ದದ್ದು ಬೇರೆಯೇ ಕಾರಣಕ್ಕೆ. ಅವರಿಗೆ ಬದಿಗೆ ಸರಿಯುವುದು ಕಷ್ಟ. ಭಾರ ತುಂಬಿದ ಎತ್ತಿನ ಗಾಡಿಗೆ ಜನ ದಾರಿ ಬಿಟ್ಟದ್ದಕ್ಕೂ ಅದೇ ಕಾರಣವಿದ್ದೀತು, ಚಕ್ರ ಜಾಡಿನಿಂದ ಹೊರಬರುವುದು ಸುಲಭವಲ್ಲ. ಅಂದಮೇಲೆ ಯಾರಿಗೆ ನಿಲ್ಲುವುದು ಸುಲಭವೋ ಅವರು ನಿಲ್ಲಬೇಕು. ಕಾಲು ನೋಯುವ ಹೆಂಗಸಿಗಿಂತ ಬ್ರೇಕಿನ ಮೇಲೆ ಕಾಲಿಟ್ಟವರಿಗೆ ಅದು ಸುಲಭ.

ಇದನ್ನು ನಾನು ಊಟಕ್ಕೆ ಕೂತಾಗ ಹೇಳಿದೆ. ನನ್ನ ಮಗ ಕಾರು ಓಡಿಸುವವನು, ಮಂಗಳೂರಿನಲ್ಲಿ ಕೆಲಸ. ಮೆತ್ತಗಿನ ಹುಡುಗ, ಒಂದು ನಾಯಿಮರಿ ಅಡ್ಡ ಬಂದರೂ ಎರಡು ದಿನ ಅದನ್ನೇ ಹೇಳುತ್ತಾನೆ. "ಅಮ್ಮ, ಸುಲಭ ಅಲ್ಲ. ನೀನು ಓಡಿಸಿಲ್ಲ, ಅದಕ್ಕೆ ಹಾಗೆ ಹೇಳ್ತೆ" ಎಂದ. "ಎಂಬತ್ತರಲ್ಲಿ ಹೋಗುವಾಗ ಬದಿಯಲ್ಲಿ ನಿಂತವರು ದಾಟುವವರೋ ಬಸ್ಸಿಗೆ ಕಾಯುವವರೋ ಎಂತ ಗೊತ್ತಾಗ್ತದೆ? ಥಟ್ಟನೆ ನಿಂತರೆ ಹಿಂದಿನ ಲಾರಿ ನನ್ನ ಮೇಲೆ." ಮತ್ತೆ ಇನ್ನೊಂದು ಮಾತು ಸೇರಿಸಿದ. "ಅಪ್ಪನಿಗೆ ಎದೆನೋವು ಬಂದ ರಾತ್ರಿ ಮಣಿಪಾಲ ಮುಟ್ಟಿದ್ದು ಈ ರಸ್ತೆ ಇದ್ದದ್ದಕ್ಕೇ, ಅಲ್ದಾ?"

ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ. ದೊಡ್ಡ ಕಾಯಿಲೆಯೆಂದರೆ ನಮ್ಮ ಜಿಲ್ಲೆಯವರು ಮಣಿಪಾಲಕ್ಕೋ ಮಂಗಳೂರಿಗೋ ಓಡುವವರೇ. ಹೆದ್ದಾರಿ ಬೇಡವೆನ್ನಲು ನನಗೆ ಬಾಯಿಲ್ಲ. ಆದರೆ ಅವನ ಮೊದಲನೆಯ ಮಾತು ತಲೆಯಲ್ಲಿ ಕೊರೆಯತೊಡಗಿತು. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ನಾಲ್ಕು ಸಾಲಿನ ರಸ್ತೆಯಲ್ಲಿ ಕಾರಿಗೆ ಕಾನೂನಿನ ಮಿತಿ 100 ಕಿಲೋಮೀಟರ್ ತನಕ ಇದೆ. 80 ಎಂದೇ ಇಟ್ಟುಕೊಳ್ಳಿ. ಸೆಕೆಂಡಿಗೆ 22 ಮೀಟರ್. ರಸ್ತೆಯ ಒಂದು ಬದಿಯ ಎರಡು ಸಾಲು ಸೇರಿ 7 ಮೀಟರ್ ಅಗಲ. ಹೂವಿನ ಬುಟ್ಟಿ ಹಿಡಿದ ಮುದುಕಿಗೆ ಅದನ್ನು ದಾಟಲು 9 ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಕಾರು ಸುಮಾರು 200 ಮೀಟರ್ ಬಂದುಬಿಡುತ್ತದೆ. ಅಂದರೆ 200 ಮೀಟರ್ ಆಚೆ, ಬಿಸಿಲಲ್ಲಿ ಅಥವಾ ಜಡಿಮಳೆಯಲ್ಲಿ, ಒಂದು ಚುಕ್ಕಿಯಂತೆ ಕಾಣುವ ಕಾರನ್ನು ನೋಡಿ ಅದರ ವೇಗ ಅಳೆದು ಅವಳು ಹೆಜ್ಜೆ ಎತ್ತಬೇಕು. ಪೊರೆ ಬಂದ ಕಣ್ಣಿನಲ್ಲಿ! ಅತ್ತ ಅಷ್ಟು ದೂರದಿಂದ ನನ್ನ ಮಗನಿಗೆ ಅವಳ ಬುಟ್ಟಿಯೂ ಕಾಣುವುದಿಲ್ಲ, ಮುಖವಂತೂ ಮೊದಲೇ ಕಾಣುವುದಿಲ್ಲ.

ಸಂಕದ ಮೇಲೆ ನಾವು ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ನೋಡಿದ್ದರಿಂದಲೇ ನಿಲ್ಲುತ್ತಿದ್ದೆವು. ಒಳ್ಳೆಯತನಕ್ಕೂ ಒಂದು ಗಳಿಗೆಯ ಪುರುಸೊತ್ತು ಬೇಕು. ಎಂಬತ್ತರ ವೇಗ ಆ ಗಳಿಗೆಯನ್ನೇ ಕಿತ್ತುಕೊಳ್ಳುತ್ತದೆ. ನನ್ನ ಮಗನಷ್ಟು ಮೆತ್ತಗಿನವನಿಗೂ ಅಲ್ಲಿ ಒಳ್ಳೆಯವನಾಗಿರಲು ಸಾಧ್ಯವಿಲ್ಲದಂತೆ ಆ ರಸ್ತೆಯನ್ನು ಮಾಡಿದ್ದಾರೆ. ಆದ್ದರಿಂದ ಚಾಲಕರಿಗೆ ಉಪದೇಶ ಮಾಡುವ ಫಲಕಗಳಲ್ಲಿ ನನಗೆ ನಂಬಿಕೆಯಿಲ್ಲ. ಯಾರು ನಿಲ್ಲಬೇಕೆಂಬುದು ಕಾರು ಬರುವ ಎಷ್ಟೋ ವರ್ಷ ಮೊದಲೇ ತೀರ್ಮಾನವಾಗಿರುತ್ತದೆ, ನಕ್ಷೆ ಬರೆಯುವ ಮೇಜಿನ ಮೇಲೆ. ಆ ಮೇಜಿನ ಸುತ್ತ ಕೂತವರಲ್ಲಿ ಬುಟ್ಟಿ ಹೊತ್ತು ರಸ್ತೆ ದಾಟಿದವರು ಒಬ್ಬರಾದರೂ ಇದ್ದರೋ ಇಲ್ಲವೋ!

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ಯಾವ ವಾಹನದಲ್ಲೂ ಇರಲಿಲ್ಲ, ನಡೆಯುತ್ತಿದ್ದರು. ಪೇಪರಿನವರು ಇಂಥ ಸುದ್ದಿಗೆ 'ರಸ್ತೆ ದಾಟುತ್ತಿದ್ದ ಮಹಿಳೆ' ಎಂದು ಬರೆಯುವಾಗ, ರಸ್ತೆ ದಾಟಿದ್ದೇ ಅವಳ ಅಪರಾಧವೇನೋ ಎಂಬಂತೆ ಕೇಳಿಸುತ್ತದೆ.

ಹೆದ್ದಾರಿ ಬೇಕು, ದಾಟುವವರೂ ಬದುಕಬೇಕು ಎಂದಾಗ ಥಟ್ಟನೆ ಬರುವ ಸಲಹೆ ಮೇಲ್ಸೇತುವೆ, ಕಬ್ಬಿಣದ್ದು. ನೋಡಲು ಚೆಂದ. ಆದರೆ ಲಾರಿ ಅಡಿಯಲ್ಲಿ ಹಾದುಹೋಗಬೇಕಾದರೆ ಅದು ಐದೂವರೆ ಮೀಟರಿಗಿಂತ ಎತ್ತರವಿರಬೇಕು, ಎಂದರೆ ಹತ್ತಲು 40 ಮೆಟ್ಟಿಲು, ಇಳಿಯಲು 40. ಮೀನಿನ ಬುಟ್ಟಿ ಹೊತ್ತು ಒಮ್ಮೆ ಹತ್ತಿ ನೋಡಬೇಕು ಆ ಸಲಹೆ ಕೊಟ್ಟವರು. ಕೂತಲ್ಲಿಂದ ಏಳದವರಿಗಾಗಿ ಹೊರೆ ಹೊತ್ತವಳು ಮಾಳಿಗೆ ಹತ್ತಬೇಕಂತೆ! ಹತ್ತುವುದಿದ್ದರೆ ಎಂಜಿನ್ ಇದ್ದದ್ದು ಹತ್ತಲಿ. ಊರಿರುವ ಕಡೆ ರಸ್ತೆಯನ್ನು ಎತ್ತರಿಸಿ ಜನರನ್ನು ಅಡಿಯಲ್ಲಿ ಸಮನೆಲದಲ್ಲಿ ಬಿಡಬಹುದು. ಅದಾಗದಿದ್ದರೆ ಊರಿನ ಆ ಅರ್ಧ ಮೈಲಿಯಲ್ಲಿ ಮಾತ್ರ ಸಾಲು ಕಿರಿದು ಮಾಡಿ, ದಾಟುವ ಜಾಗವನ್ನು ಒಂದು ಗೇಣು ಎತ್ತರಿಸಿ, ನಡುವೆ ನಿಲ್ಲಲು ಕಟ್ಟೆ ಮಾಡಿ, ವೇಗವನ್ನು 30ಕ್ಕೆ ಇಳಿಸಬಹುದು. 30ರ ವೇಗದಲ್ಲಿ ತಾಗಿದರೆ ಬಹುಪಾಲು ಜನ ಬದುಕಿಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, 30ರಲ್ಲಿ ಮುಖ ಕಾಣುತ್ತದೆ. ಆಂಬ್ಯುಲೆನ್ಸಿಗೆ ಇದರಿಂದ ಊರಿಗೊಂದು ನಿಮಿಷ ಹೆಚ್ಚಾದೀತು. ಅದಕ್ಕೆ ಸೈರನ್ ಇದೆ, ಜನ ಇವತ್ತಿಗೂ ಅದಕ್ಕೆ ದಾರಿ ಬಿಡುತ್ತಾರೆ. ಉಳಿದ ಕಾರುಗಳ ಒಂದು ನಿಮಿಷಕ್ಕಾಗಿ ಆಂಬ್ಯುಲೆನ್ಸನ್ನು ಮುಂದೆ ತಂದು ನಿಲ್ಲಿಸುವುದು ಸರಿಯಲ್ಲ ಎಂದು ಮಗನಿಗೂ ಹೇಳಿದ್ದೇನೆ.

ಇಂಥದ್ದು ಎಲ್ಲೂ ಆಗಿಲ್ಲವೆಂದಲ್ಲ. ಹಾಲೆಂಡಿನಲ್ಲಿ 1971ರ ಒಂದೇ ವರ್ಷದಲ್ಲಿ ರಸ್ತೆಯಲ್ಲಿ ಸತ್ತ ಮಕ್ಕಳು 400ಕ್ಕೂ ಹೆಚ್ಚು. ಮರುವರ್ಷ ಅಲ್ಲಿಯ ತಂದೆತಾಯಂದಿರು 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಹೆಸರಿನಲ್ಲೇ ಚಳವಳಿ ಕಟ್ಟಿ ರಸ್ತೆಗಿಳಿದರು. ಅಪಘಾತ ಎಂಬ ಮೆದು ಮಾತನ್ನು ಅವರು ಒಪ್ಪಲಿಲ್ಲ. ಆ ದಶಕದಲ್ಲೇ ಅಲ್ಲಿ ಮನೆಗಳಿರುವ ಕೆಲವು ಬೀದಿಗಳಲ್ಲಿ ನಿಯಮ ತಿರುವುಮುರುವಾಯಿತು. ಬೀದಿಯ ಇಡೀ ಅಗಲವೂ ನಡೆಯುವವರದ್ದು, ಆಡುವ ಮಕ್ಕಳದ್ದು. ಕಾರು ನೆಂಟನಂತೆ ಮೆಲ್ಲಗೆ ಬಂದುಹೋಗಬೇಕು. ನಮ್ಮಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2018ರಲ್ಲಿ ಕಲ್ಲು ಹಾಸಿ ನಡೆಯುವವರಿಗೆ ಅನುಕೂಲವಾಗಿ ಮಾಡಿದರು. ಮಗಳ ಜೊತೆ ಹೋಗಿ ನೋಡಿ ಬಂದೆ, ಚೆನ್ನಾಗಿದೆ. ಆದರೆ ಅಲ್ಲಿ ಜನ ಕಾಫಿ ಕುಡಿದು ಅಡ್ಡಾಡುತ್ತಾರೆ. ಹೊಟ್ಟೆಪಾಡಿಗೆ ನಡೆಯುವವರ ರಸ್ತೆಗೆ ಆ ಯೋಗ ಇನ್ನೂ ಬಂದಿಲ್ಲ.

ಮತ್ತೆ, ಪರದೇಶಕ್ಕೆ ಹೋಗುವುದೇ ಬೇಡ, ನಮ್ಮ ಗೋಕರ್ಣದ ರಥಬೀದಿ ಇದೆಯಲ್ಲ. ಶಿವರಾತ್ರಿಯ ತೇರಿಗೆ ಅಷ್ಟು ದೊಡ್ಡ ರಥ ಉರುಳುವುದು ಜನರ ಕಾಲ್ನಡಿಗೆಯ ವೇಗದಲ್ಲಿ. ಮುಂದೆ ಯಾರಾದರೂ ಎಡವಿದರೆ ಇಡೀ ತೇರು ನಿಲ್ಲುತ್ತದೆ. ದೇವರು ಕೂತ ಗಾಡಿಯೇ ನಿಲ್ಲುವಾಗ ನಮ್ಮದೇನು ಅವಸರವೋ.

2025ರ ಮೇ 14ರಂದು ಸುಪ್ರೀಂ ಕೋರ್ಟು, ನಡೆಯುವವರಿಗೆ ಅಡ್ಡಿಯಿಲ್ಲದ ಪುಟ್‌ಪಾತ್ ಸಿಗಬೇಕಾದದ್ದು ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ, ಪಾದಚಾರಿಗಳ ಸುರಕ್ಷತೆಗೆ ರಾಜ್ಯಗಳು ಆರು ತಿಂಗಳೊಳಗೆ ನಿಯಮ ಮಾಡಬೇಕೆಂದೂ ಹೇಳಿತು. ನಾನು ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡು ಒಂದು ಕಚೇರಿಗೆ ಹೋದೆ. ಹೆದ್ದಾರಿ ನಮಗೆ ಬರುವುದಿಲ್ಲ ಎಂದರು. ಇನ್ನೊಂದು ಕಡೆ ಹೋದೆ. ಪಂಚಾಯತಿಯ ಠರಾವು ತನ್ನಿ, ಎಷ್ಟು ಜನ ದಾಟುತ್ತಾರೆಂದು ಬರೆದು ತನ್ನಿ ಎಂದರು. ಅಂದಿನಿಂದ ಓಣಿಯ ಇಬ್ಬರು ಕಾಲೇಜು ಹುಡುಗಿಯರು ಬೆಳಿಗ್ಗೆ ಏಳರಿಂದ ಒಂಬತ್ತರ ತನಕ ಬಸ್ ತಂಗುದಾಣದಲ್ಲಿ ಕೂತು ನೋಟು ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದಾರೆ. ಹೊರೆ ಇದ್ದವರಿಗೆ ಬೇರೆ ಸಾಲು, ಮಕ್ಕಳಿಗೆ ಬೇರೆ ಸಾಲು.

ಗ್ರಾಮಸಭೆಗೆ ಮಲ್ಲಿಗೆಯವಳನ್ನೂ ಕರೆದಿದ್ದೇನೆ. "ಮಧ್ಯಾಹ್ನದ ಮೇಲಾದ್ರೆ ಬತ್ತೆ ಅಕ್ಕ, ಬೆಳಿಗ್ಗೆ ಹೂ ಕಟ್ಟೂದದೆ" ಎಂದಳು. ಸಭೆಯನ್ನು ಮಧ್ಯಾಹ್ನದ ಮೇಲೆ ಇಡಿರೆಂದು ಪಂಚಾಯತಿಗೆ ಹೇಳಿ ಬಂದಿದ್ದೇನೆ.