ಮರೆಯೂ ಮರೆವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಯ ಸೀಮೆಯಲ್ಲಿ ನೆಲದೊಳಗೆ ಬಚ್ಚಿಡುವ ವಿದ್ಯೆ ನೂತನವಾದುದಲ್ಲ. ಜೋಳ ತುಂಬಿದ ಹಗೇವಿನ ಬಾಯಿಗೆ ಕಲ್ಲುಚಪ್ಪಡಿಯನ್ನಿಟ್ಟು, ಮಣ್ಣು ಮೆತ್ತಿ, ಅಂಗಳದೊಡನೆ ಸಮಮಾಡಿಬಿಟ್ಟರೆ, ಅದರ ಮೇಲೆ ಮಕ್ಕಳು ಆಡುವರು, ಎತ್ತುಗಳು ಮೆಲುಕುಹಾಕುವುವು. ಪರರ ಕಣ್ಣಿಗೆ ಅಗೋಚರವಾದ ಆ ತಾಣವನ್ನು ಮನೆಯ ಯಜಮಾನನು ಮಾತ್ರ ಮರೆಯುವಂತಿರಲಿಲ್ಲ. ಇಂದು ಅಂತಹುದೇ ಅಂಗಳದ ಅಡಿಯಲ್ಲಿ ಸಂಡಾಸದ ಟಾಕಿ ಕುಳಿತಿದೆ. ಅನ್ನವನ್ನು ಬಚ್ಚಿಟ್ಟವರ ಮೊಮ್ಮಕ್ಕಳು ಅನ್ನದ ಪರಿಣಾಮವನ್ನು ಬಚ್ಚಿಡುತ್ತಿದ್ದಾರೆ. ಅಲ್ಲಿ ಪ್ರೇರಣೆ ಕಳ್ಳನ ಭಯ, ಇಲ್ಲಿ ಹೇಸಿಗೆ.

ಹೇಸಿಗೆಯನ್ನು ಮರೆಮಾಡುವುದು ಅಸತ್ಯಾಚರಣೆಯೆಂದು ನಾನು ಬಗೆಯಲಾರೆ. ಯೆಹೂದ್ಯರ ಪ್ರಾಚೀನ ಧರ್ಮಗ್ರಂಥವು ದಂಡಿನ ಬಿಡಾರದ ಹೊರಗೆ ಗುಂಡಿ ತೋಡಿ ಮಲವನ್ನು ಮುಚ್ಚಬೇಕೆಂದು ವಿಧಿಸಿ, ಬಿಡಾರದ ನಡುವೆ ದೇವರು ಸಂಚರಿಸುವನೆಂಬುದನ್ನೇ ಅದಕ್ಕೆ ಕಾರಣವಾಗಿ ಹೇಳುತ್ತದೆ. ಮರೆಯೆಂಬುದು ಮರ್ಯಾದೆ. ಆದರೆ ನಮ್ಮ ನುಡಿಯಲ್ಲಿ ಮರೆಗೂ ಮರೆವಿಗೂ ಅಂತರ ಬಹಳ ಸಣ್ಣದು, ಬಾಳಿನಲ್ಲಿಯೂ ಅಷ್ಟೇ.

ಟಾಕಿಯ ಮೇಲೆ ತುಳಸಿಕಟ್ಟೆಯನ್ನು ಕಟ್ಟಬಹುದೇ ಎಂದು ಕೇಳುವವರುಂಟು. ಮೈಲಿಗೆಯ ಮಾತನ್ನು ಬಲ್ಲವರು ಬೇರೆ ಇದ್ದಾರೆ. ನನ್ನ ಆಕ್ಷೇಪಣೆ ಕಟ್ಟೆಯ ಪಾವಿತ್ರ್ಯವನ್ನು ಕುರಿತದ್ದಲ್ಲ, ಅದರ ಅಚಲತ್ವವನ್ನು ಕುರಿತದ್ದು. ಎರಡು ಮೂರು ವರ್ಷಗಳಿಗೊಮ್ಮೆ ತೆರೆದು ಹೂಳು ತೆಗೆಸಬೇಕಾದ ಬಾಯಿಯ ಮೇಲೆ, ಶುಭದಿನದಲ್ಲಿ ಪೂಜೆಗೊಂಡ ಕಟ್ಟೆಯನ್ನು ನಿಲ್ಲಿಸಿದವನು ಅದನ್ನು ಯಾವ ಮನಸ್ಸಿನಿಂದ ಒಡೆದಾನು? ಶಹಾಬಾದಿ ಫರಸಿಯನ್ನು ಹಾಸಿ ಸಿಮೆಂಟು ಬಳಿದವನ ಗತಿಯೂ ಅದೇ. ಎರೆಮಣ್ಣೋ ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ನೀರನ್ನು ಬೇಗ ಇಂಗಗೊಡದು. ಟಾಕಿಯಿಂದ ಬಂದ ನೀರನ್ನು ಇಂಗುಗುಂಡಿ ಕುಡಿಯದಿದ್ದರೆ ಟಾಕಿ ತುಂಬಿ ಹಿಂದಕ್ಕೆ ಒತ್ತುವುದು. ಇಂಡಿಯ ನಿಂಬೆಯೇ ಆಗಲಿ, ಗಿಡವನ್ನು ಟಾಕಿಯ ಮಗ್ಗುಲಲ್ಲಿ ನೆಡಲಾಗದು, ಬೇರು ಗೋಡೆಯನ್ನು ಸೀಳುವುದು. ಎತ್ತಿಡಬಹುದಾದ ಕುಂಡದಲ್ಲಿ ತುಳಸಿ ಬೆಳೆದರೆ ಅದರ ದೈವತ್ವಕ್ಕೇನೂ ಕುಂದಿಲ್ಲ. ಅದನ್ನು ಪಕ್ಕಕ್ಕಿಟ್ಟರೆ ಸಕ್ಕಿಂಗ್ ಯಂತ್ರದ ಕೊಳವೆ ಇಳಿಯುವಷ್ಟು ದಾರಿ ಸಿಕ್ಕೀತು.

ಆ ದಾರಿಯಿಲ್ಲದೆಡೆಯಲ್ಲಿಯೇ ಮನುಷ್ಯನನ್ನು ಇಳಿಸುವ ಪ್ರಸಂಗ ಬರುವುದು. ಹಗೇವಿನಲ್ಲಿಯೂ ಕಾಳಿನ ಉಸಿರಿನಿಂದ ಪ್ರಾಣವಾಯು ತೀರಿ, ಆತುರದಿಂದ ಇಳಿದವರು ಸತ್ತದ್ದುಂಟು. ಆದುದರಿಂದ ಬಲ್ಲವರು ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ಟಾಕಿಯಲ್ಲಿ ಆ ದೀಪವೂ ಸಲ್ಲದು, ಮೀಥೇನ್ ಹೊತ್ತಿಕೊಂಡೀತು. ಹೈಡ್ರೋಜನ್ ಸಲ್ಫೈಡ್ ಅನಿಲವಂತೂ ಮೊದಲು ಮೂಗನ್ನು ಕೊಂದು ಅನಂತರ ಮನುಷ್ಯನನ್ನು ಕೊಲ್ಲುವುದು. ರಕ್ಷಣೆಯಿಲ್ಲದೆ ಹೀಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿತು. ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಸಲ್ಲಬೇಕೆಂದು 2014ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯವು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಬೇಕಾಯಿತು.

ಬಾಗೇವಾಡಿಯ ಬಸವಣ್ಣನವರು ಅಂತರಂಗ ಬಹಿರಂಗಗಳ ಶುದ್ಧಿಯನ್ನು ಒಂದೇ ಉಸಿರಿನಲ್ಲಿ ಬಯಸಿದವರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತಮ್ಮ ಕುಲದ ಹಿರಿಯರೆಂದು ಹೇಳಿಕೊಂಡವರು. ಅವರ ಹೆಸರಿನ ಊರಿನಲ್ಲಿ ಅಂಗಳವನ್ನು ಥಳಥಳಿಸುವಂತೆ ಇಟ್ಟುಕೊಂಡು, ಟಾಕಿಯ ಬಾಯಿ ಎಲ್ಲಿದೆಯೆಂದು ಕೇಳಲು ಬಂದ ಕೂಲಿಯವನ ಮುಂದೆ ತಡವರಿಸುವ ಗೃಹಸ್ಥನು ಯಾವ ಶುದ್ಧಿಯನ್ನು ಸಾಧಿಸಿದಂತಾಯಿತು? ಮುಚ್ಚಳಕ್ಕೆರಡು ಕಬ್ಬಿಣದ ಬಳೆ, ಅದರ ಮೇಲೊಂದು ಹಗುರವಾದ ಕುಂಡ, ಹೊಸ್ತಿಲಿನಿಂದ ಅಲ್ಲಿಗೆ ಎಷ್ಟು ಹೆಜ್ಜೆಯೆಂಬ ಲೆಕ್ಕ. ಹಗೇವಿನ ಯಜಮಾನನು ಮಗನಿಗೆ ತೋರಿಸಿಡಬೇಕಾಗಿದ್ದುದೂ ಇಷ್ಟೇ.