ಬೇಲಿ ಮತ್ತು ಉಣುಗೋಲು

ಕೆಲವು ವರ್ಷಗಳ ಹಿಂದಿನ ಮಾತು. ಮಲೆನಾಡಿನ ಕಡೆಯ ಹುಡುಗನೊಬ್ಬ ನನ್ನ ವಿದ್ಯಾರ್ಥಿಯಾಗಿದ್ದ. ಮಿತಭಾಷಿ, ಓದಿನ ಹಸಿವುಳ್ಳವನು. ವಾರಕ್ಕೊಮ್ಮೆ ಮನೆಗೆ ಬಂದು ಪುಸ್ತಕ ಕೊಂಡೊಯ್ಯುತ್ತಿದ್ದ. ಅವನ ಊರಿನ ಹೆಸರು ಕೇಳಿದ ಸಹೋದ್ಯೋಗಿಯೊಬ್ಬರು, "ಆ ಕಡೆಯವನೇ? ಸ್ವಲ್ಪ ಜೋಪಾನ, ಮೇಷ್ಟ್ರೇ" ಎಂದರು. ನಾನು ನಕ್ಕುಬಿಟ್ಟೆ. ಆದರೆ ಮುಂದಿನ ವಾರ ಅವನು ಬಂದಾಗ, ಮನೆಯಲ್ಲಿದ್ದೂ ಇಲ್ಲವೆನ್ನಿಸಿದೆ. ಅವನು ಮತ್ತೆ ಬರಲಿಲ್ಲ. ನಕ್ಸಲರು ಓಡಾಡಿದ ಕಾಡಿನ ಅಂಚಿನಲ್ಲಿ ಹುಟ್ಟಿದ್ದಷ್ಟೇ ಅವನ ತಪ್ಪು.

2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರೆಂದು ಓದಿದಾಗ ನನಗೆ ಆ ಹುಡುಗನ ನೆನಪಾಯಿತು. ಅದಕ್ಕೆ ಎರಡು ತಿಂಗಳೂ ಮುಂಚೆಯಲ್ಲ, ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯ ಕಾಡಿನಲ್ಲಿ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತಿದ್ದ. ಒಂದೇ ಸರ್ಕಾರ, ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಆಹ್ವಾನ. ಇದು ಇಬ್ಬಗೆಯೋ, ವಿವೇಕವೋ?

ಬಂದೂಕೇ ಬೇಡವೆನ್ನುವುದು ಪೇಟೆಯಲ್ಲಿ ಕುಳಿತವರಿಗೆ ಸುಲಭ. 2005ರ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರ ದಾಳಿಗೆ ಬಲಿಯಾದ ಪೊಲೀಸರೂ ತಾಯಂದಿರ ಮಕ್ಕಳೇ. ಇರುಳು ಕದ ತಟ್ಟಿದ ಬಂದೂಕಿಗೆ ಹೆದರಿ ಅನ್ನವಿಟ್ಟು, ಬೆಳಗಾದರೆ ಏಕೆ ಇಟ್ಟೆ ಎಂದು ಕೇಳುವವರಿಗೂ ಹೆದರುವ ಮನೆಯೊಡತಿಗೆ ರಕ್ಷಣೆ ಬೇಡವೆ?

ಆದರೆ ಬೆಂಕಿಗೆ ಸೌದೆ ಎಲ್ಲಿಂದ ಬಂತು? ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2001ರಲ್ಲಿ ಅಂತಿಮ ಅಧಿಸೂಚನೆ ಹೊರಟಿತು. ತಲೆಮಾರುಗಳಿಂದ ಅಲ್ಲಿದ್ದವರು ಒಕ್ಕಲೆಬ್ಬಿಸುವರೆಂದು ಕಂಗೆಟ್ಟರು. ಅದೇ ಸೀಮೆಯ ಬೆಟ್ಟ ಬಗೆದು ಕಬ್ಬಿಣದ ಅದಿರು ತೆಗೆಯುವ ಕೆಲಸ ಮಾತ್ರ 2005ರ ಕೊನೆಯವರೆಗೂ ನಡೆಯಿತು. ಇದನ್ನು ಕಣ್ಣಾರೆ ಕಂಡ ಹುಡುಗನಿಗೆ, ಕಾನೂನು ಎಲ್ಲರಿಗೂ ಒಂದೇ ಎಂದು ಯಾವ ಮೇಷ್ಟ್ರು ಪಾಠ ಹೇಳಿಯಾರು? ಕಾಡಿನವರಿಗೆ ಆದದ್ದು ಐತಿಹಾಸಿಕ ಅನ್ಯಾಯವೆಂದು 2006ರ ಅರಣ್ಯ ಹಕ್ಕು ಕಾಯಿದೆಯೇ ಒಪ್ಪಿಕೊಂಡಿದೆ.

ಅನ್ಯಾಯವಾಯಿತೆಂದು ಕೊಲೆ ನ್ಯಾಯವಾಗದು. ನೊಂದವರು ಬಹುಮಂದಿ, ಬಂದೂಕು ಹಿಡಿದವರು ಬೆರಳೆಣಿಕೆಯವರು. ಆದ್ದರಿಂದಲೇ ಸಂಶಯ ಕೃತ್ಯದ ಮೇಲಿರಬೇಕು, ಊರಿನ ಮೇಲಲ್ಲ. ಇನ್ನೂ ಒಂದು ಮಾತು. ಶರಣಾದವನಿಗೆ ಪುನರ್ವಸತಿ ಕೊಡುವುದು ಸರಿಯೇ. ಆದರೆ ಅವನ ಪಕ್ಕದ ಮನೆಯವನು, ಬಂದೂಕು ಮುಟ್ಟದೆ, ಹಕ್ಕುಪತ್ರಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದವನು, ಇದರಿಂದ ಕಲಿಯುವ ಪಾಠವೇನು? ನ್ಯಾಯವು ಹಿಂಸೆಗೆ ಹೆದರಿ ಕೊಟ್ಟ ಕಾಣಿಕೆಯಾಗಬಾರದು. ತಾಳ್ಮೆಯವನಿಗೆ ಮೊದಲು ಸಲ್ಲಬೇಕು. ಹಾಗೆ ಸಂದರೆ ಬಂದೂಕಿನ ಕೆಲಸ ಅರ್ಧ ತಗ್ಗೀತು.

ಮಲೆನಾಡಿನ ರೈತ ಗದ್ದೆಗೆ ಬೇಲಿ ಕಟ್ಟುತ್ತಾನೆ, ಅದರಲ್ಲೇ ಒಂದು ಉಣುಗೋಲನ್ನೂ ಇಡುತ್ತಾನೆ. ಬೇಲಿಯಿಲ್ಲದಿದ್ದರೆ ಪೈರು ಉಳಿಯದು. ಉಣುಗೋಲಿಲ್ಲದಿದ್ದರೆ ಗದ್ದೆಗೆ ಇಳಿಯುವವರು ಬೇಲಿ ಮುರಿದೇ ಇಳಿಯಬೇಕು. ಸರ್ಕಾರಕ್ಕೆ ಇದನ್ನು ಹೇಳುವ ಯೋಗ್ಯತೆ ನನಗೆಷ್ಟಿದೆಯೋ! ಆ ದಿನ ನನ್ನ ಬಾಗಿಲಲ್ಲಿ ನಾನು ಕಟ್ಟಿದ್ದು ಬರಿಯ ಬೇಲಿ. ಆ ಹುಡುಗ ಈಗೆಲ್ಲಿದ್ದಾನೋ ಅರಿಯೆ. ಎಲ್ಲಿದ್ದರೂ, ಒಳಗೆ ಬಿಡುವ ಬಾಗಿಲೊಂದು ಅವನಿಗೆ ಸಿಕ್ಕಿರಲಿ.