ದುಡಿಯುವ ಕೈಯೂ ಯೋಚಿಸುವ ಮನಸ್ಸೂ

ದುಡಿಮೆಯನ್ನು ಉತ್ತಮಪಡಿಸುವ ಹೊಣೆ ಯಾರದು? ದುಡಿಸುವವನದೋ, ದುಡಿಯುವವನದೋ? ನಮ್ಮ ಡೆಂಕಣಿಕೋಟೆಯ ಸೀಮೆಯಲ್ಲಿ ಇದು ಕೇವಲ ಪಂಡಿತರ ಜಿಜ್ಞಾಸೆಯಲ್ಲ. ರಾಗಿಯ ಹೊಲಗಳ ನಡುವಣ ಹಳ್ಳಿಗಳಿಂದ ಎಷ್ಟೋ ಮಂದಿ ತರುಣ ತರುಣಿಯರು ಹೊಸೂರಿನ ಕಾರ್ಖಾನೆಗಳಿಗೆ ಹೋಗಿ ದುಡಿಯುತ್ತಾರೆ. ಇಂದು ನಮ್ಮ ಶಾಲೆಗಳಲ್ಲಿ ಓದುತ್ತಿರುವ ಹಲವರು ನಾಳೆ ಅದೇ ದಾರಿಯನ್ನು ಹಿಡಿಯುವರು.

1911ರಲ್ಲಿ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ಕಾರ್ಖಾನೆಯ ಆಡಳಿತವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಕೆಲಸದ ರೀತಿಯನ್ನು ಯೋಚಿಸಿ ಗೊತ್ತುಮಾಡುವುದು ಆಡಳಿತದವರ ಪಾಲು, ಅದರಂತೆ ಮಾಡುವುದು ಕೆಲಸಗಾರನ ಪಾಲು ಎಂಬುದು ಆತನ ಮತದ ಸಾರ. ಮನುಷ್ಯನನ್ನು ಕೈಯೆಂದೂ ತಲೆಯೆಂದೂ ಸೀಳುವ ಈ ರೀತಿ ನಮಗೂ ಹೊಸದಲ್ಲ. ಜಾತಿಯ ಹೆಸರಿನಲ್ಲಿ ಅದು ಬಹುಕಾಲ ನಡೆದುಬಂದಿತು. ಹನ್ನೆರಡನೆಯ ಶತಮಾನದ ಶರಣರು ಅದನ್ನು ಪ್ರಶ್ನಿಸಿದರು. ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನೂ ತಮ್ಮ ಕಾಯಕವನ್ನು ಬಿಡದೆಯೇ ವಚನಕಾರರಾದರು.

ಯಂತ್ರಯುಗದಲ್ಲಿ ಈ ಸೀಳನ್ನು ಕೂಡಿಸುವ ಯತ್ನ ಜಪಾನಿನಲ್ಲಿ ನಡೆಯಿತು. 1950ರಲ್ಲಿ ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ಅವರು ಅಲ್ಲಿ ಗುಣಮಟ್ಟವನ್ನು ಕುರಿತು ಉಪನ್ಯಾಸಗಳನ್ನಿತ್ತರು. ಮರುವರ್ಷ ಅವರ ಹೆಸರಿನ ಪ್ರಶಸ್ತಿ ಸ್ಥಾಪಿತವಾಯಿತು. 1962ರಿಂದ ಕೆಲಸಗಾರರೇ ಸಣ್ಣ ಸಣ್ಣ ಕೂಟಗಳಾಗಿ ಕುಳಿತು ತಮ್ಮ ಕೆಲಸದ ಕುಂದುಗಳನ್ನು ಚರ್ಚಿಸುವ ಪದ್ಧತಿ ಬೆಳೆಯಿತು. ಹೊಸೂರಿನ ಟಿವಿಎಸ್ ಮೋಟಾರ್ ಕಂಪನಿಗೆ 2002ರಲ್ಲಿ ಆ ಡೆಮಿಂಗ್ ಪ್ರಶಸ್ತಿ ದೊರೆಯಿತೆಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ. ದಿನವೂ ಯಂತ್ರದೊಡನೆ ಒಡನಾಡುವವನಿಗೇ ಅದರ ಊನ ಮೊದಲು ತಿಳಿಯುತ್ತದೆ ಎಂಬುದೇ ಈ ಪದ್ಧತಿಯ ತಳಹದಿ.

ಆದರೆ ಇಲ್ಲಿಯೇ ಒಂದು ಧರ್ಮಸೂಕ್ಷ್ಮವುಂಟು. ಒಬ್ಬನು ತನ್ನ ಉಪಾಯದಿಂದ ಹತ್ತು ನಿಮಿಷದ ಕೆಲಸವನ್ನು ಎಂಟು ನಿಮಿಷಕ್ಕೆ ಇಳಿಸಿದನೆನ್ನೋಣ. ಉಳಿದ ಎರಡು ನಿಮಿಷ ಯಾರಿಗೆ ಸೇರಬೇಕು? ಅದರಿಂದ ಪಕ್ಕದ ಗೆಳೆಯನ ಅನ್ನಕ್ಕೇ ಸಂಚಕಾರ ಬಂದರೆ ಅವನು ಮಾಡಿದ್ದು ಉಪಕಾರವೋ, ದ್ರೋಹವೋ? ಇಂತಹ ಕಡೆ ಬಾಯಿ ಮುಚ್ಚಿಕೊಂಡಿರುವವನನ್ನು ಸೋಮಾರಿಯೆಂದು ಜರೆಯುವುದು ಅನ್ಯಾಯ. ಡೆಮಿಂಗ್ ಅವರು ಆಡಳಿತಕ್ಕೆ ವಿಧಿಸಿದ ಹದಿನಾಲ್ಕು ಸೂತ್ರಗಳಲ್ಲಿ ಭಯವನ್ನು ಹೊರದೂಡಬೇಕೆಂಬುದೂ ಒಂದು. ಸಲಹೆಯನ್ನು ಬೇಡುವವನು ಸಾಲಗಾರನಾಗುತ್ತಾನೆ. ಕೇಳಿದ ಮಾತಿಗೆ ಉತ್ತರ ಕೊಡುವುದು, ಹೇಳಿದವನಿಗೆ ಕೇಡು ಬಾರದಂತೆ ಕಾಯುವುದು, ಫಲದಲ್ಲಿ ಪಾಲು ನೀಡುವುದು—ಈ ಮೂರೂ ಅವನು ತೀರಿಸಬೇಕಾದ ಋಣಗಳು.

ಹಾಗಾದರೆ ಆ ಋಣ ತೀರುವವರೆಗೆ ಕೆಲಸಗಾರನು ಮೌನವಾಗಿರಬಹುದೇ? ವೇಗದ ವಿಷಯದಲ್ಲಿ ಇರಬಹುದು. ಪ್ರಾಣದ ವಿಷಯದಲ್ಲಿ ಸಲ್ಲದು. ಬ್ರೇಕಿನ ದೋಷವನ್ನು ಕಂಡವನು ಸುಮ್ಮನಿದ್ದರೆ, ಕಷ್ಟಕ್ಕೀಡಾಗುವವನು ಒಡೆಯನಲ್ಲ. ಎಲ್ಲಿಯೋ ದಾರಿಯಲ್ಲಿ ಹೋಗುತ್ತಿರುವ ನಿರಪರಾಧಿ. ಕಾಣದ ಆ ಮನುಷ್ಯನಿಗೆ ಸಲ್ಲುವ ನಿಷ್ಠೆಯೇ ದುಡಿಮೆಯನ್ನು ಕಾಯಕವನ್ನಾಗಿ ಮಾಡುತ್ತದೆ.

ಈ ನಿಷ್ಠೆಗೂ ಧೈರ್ಯ ಬೇಕು. ಆ ಧೈರ್ಯದ ಮೊದಲ ಪಾಠ ಶಾಲೆಯಲ್ಲಿಯೇ ಆಗಬೇಕಾಗಿದೆ. ಕರಿಹಲಗೆಯ ಮೇಲೆ ಉಪಾಧ್ಯಾಯರ ತಪ್ಪನ್ನು ಕಂಡ ಹುಡುಗಿ ಎದ್ದುನಿಂತು ಹೇಳಬಲ್ಲಳೇ? ಹೇಳಿದಾಗ ಉಪಾಧ್ಯಾಯರು ಗದರದೆ ತಿದ್ದಿಕೊಳ್ಳಬಲ್ಲರೇ? ಹಾಗೆ ತಿದ್ದಿಕೊಂಡ ಪ್ರತಿಯೊಂದು ತರಗತಿಯಿಂದಲೂ ಭಯವಿಲ್ಲದೆ ಯೋಚಿಸಬಲ್ಲ ಕೆಲಸಗಾರರು ಹೊರಬರುವರು.